ಮೂರು ಬಾಕ್ಸ್ ಟೊಮೆಟೊಗೆ 45 ಕೋಟಿ

ನಮ್ಮ ಚಿಕ್ಕಪ್ಪ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕ್ತಾರೆ. 15 ಕೆಜಿಯ ಬಾಕ್ಸು, ಬಾಕ್ಸಿಗೆ ಇಷ್ಟು ಅಂತ ರೇಟು. ಅದರಲ್ಲಿ ಗಾಡಿ ಬಾಡಿಗೆ ಕಳೆಯಬೇಕು. ಮಂಡಿ ಚೀಟಿಗಳೆಲ್ಲ ಶರ್ಟಿನ ಜೇಬಲ್ಲಿ ಬೆವರಿಗೆ ನೆಂದು ಹಾಳಾಗುತ್ತಿದ್ದವು. "ಕಂಪ್ಯೂಟರ್ ಕಲೀತಿದ್ದೀಯಲ್ಲ, ಏನಾದ್ರೂ ಮಾಡ್ಕೊಡೋ" ಅಂದರು.

ನಾನು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಶುರುಮಾಡಿ ಒಂದೂವರೆ ತಿಂಗಳಾಗಿತ್ತು. ಪೈಥಾನ್ 3ರಲ್ಲಿ ವೇರಿಯಬಲ್‌ಗೆ (ಲೆಕ್ಕದ ಅಂಕಿ ಇಡೋ ಡಬ್ಬಿಗೆ) ಕನ್ನಡದಲ್ಲೇ ಹೆಸರಿಡಬಹುದು ಅಂತ ಗೊತ್ತಾಗಿ ಬೀಗುತ್ತಿದ್ದೆ. ಹತ್ತು ಸಾಲು ಬರೆದು, ಅವರ ಎದುರೇ 3 ಬಾಕ್ಸ್, 450 ರೂಪಾಯಿ ಅಂತ ಕೊಟ್ಟೆ. ತೆರೆಯ ಮೇಲೆ ಬಂದಿದ್ದು 450450450.

"45 ಕೋಟಿನಾ? ಹಾಗಾದ್ರೆ ಮಂಡೀನೇ ಕೊಂಡ್ಕೊಳ್ಳೋಣ ಬಿಡು" ಅಂತ ಚಿಕ್ಕಪ್ಪ ಕಾಫಿ ಕುಡಿಯಲು ಒಳಗೆ ಹೋದರು.

ಬೆಂಗಳೂರಿನ ಗೆಳೆಯನ ಜೊತೆ ಗಿಟ್‌ಹಬ್‌ನಲ್ಲಿ ಕೋಡ್ ಹಂಚಿಕೊಳ್ಳುತ್ತಿದ್ದೆ. ಅಲ್ಲೇ ಒಂದು ಇಶ್ಯೂ (ತೊಂದರೆ ಹೇಳಿಕೊಳ್ಳೋ ಪೋಸ್ಟು) ತೆರೆದು ಕೋಡನ್ನು ಸುಮ್ನೆ ಪೇಸ್ಟ್ ಮಾಡಿದೆ. ಐದು ನಿಮಿಷಕ್ಕೆ ಅವನ ಫೋನು. "ಏನೋ ಇದು, ಕೋಡಾ, ಕರಪತ್ರನಾ?"

ನೋಡಿದರೆ ನಿಜವೇ. '# ಇವತ್ತಿನ ಲೆಕ್ಕ' ಅಂತ ನನ್ನ ನೆನಪಿಗೆ ಬರೆದಿದ್ದ ಕಾಮೆಂಟು ದಪ್ಪಕ್ಷರದ ತಲೆಬರಹ ಆಗಿತ್ತು. ಗಿಟ್‌ಹಬ್ ಪೋಸ್ಟುಗಳನ್ನು ಓದೋದು ಮಾರ್ಕ್‌ಡೌನ್ ಅನ್ನೋ ಚಿಹ್ನೆಗಳ ಪದ್ಧತಿಯಲ್ಲಿ. ಅದರಲ್ಲಿ # ಅಂದರೆ ತಲೆಬರಹ ತಾನೆ! ಫಾರ್ ಲೂಪಿನ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಭಾಗದ) ಒಳಗಿನ ಸಾಲುಗಳು ಎಡಗೋಡೆಗೆ ಒರಗಿ ನಿಂತಿದ್ದವು. ಪೈಥಾನ್‌ನಲ್ಲಿ ಸಾಲಿನ ಮುಂದೆ ಬಿಡೋ ಖಾಲಿ ಜಾಗಕ್ಕೂ ಅರ್ಥ ಇದೆ, ಅಲ್ವಾ? ಇನ್ನು ಈ ಎರಡು ಸಾಲು:

ಒಟ್ಟು = ಬಾಕ್ಸ್*ರೇಟು
ಸಾಗಾಣಿಕೆ = ಬಾಕ್ಸ್*ಬಾಡಿಗೆ

ಗುಣಿಸು ಅನ್ನೋ * ಚುಕ್ಕಿ ಮಾರ್ಕ್‌ಡೌನ್‌ಗೆ ಅಕ್ಷರ ಓರೆ ಮಾಡೋ ಗುರುತು. ಮೇಲಿನ ಸಾಲಿನ ಚುಕ್ಕಿಯೂ ಕೆಳಗಿನದೂ ಜೋಡಿಯಾಗಿ ಎರಡೂ ಮಾಯ! ನಡುವೆ ಇದ್ದ ಅಕ್ಷರಗಳೆಲ್ಲ ಓರೆಯಾಗಿದ್ದವು. ಬಾಕ್ಸಿಗೆ ರೇಟು ಅಂಟಿಕೊಂಡು 'ಬಾಕ್ಸ್ರೇಟು'. ತಪ್ಪು ಇದ್ದಿದ್ದೇ ಗುಣಾಕಾರದಲ್ಲಿ, ಅದೇ ಅವನಿಗೆ ಕಾಣುತ್ತಿರಲಿಲ್ಲ.

"ಮೇಲೆ ಮೂರು, ಕೆಳಗೆ ಮೂರು ಬ್ಯಾಕ್‌ಟಿಕ್ (`) ಹಾಕೋ, ಕೋಡು ಇದ್ದ ಹಾಗೇ ಕಾಣುತ್ತೆ" ಅಂದ. ಹಾಕಿದೆ. ಏನೂ ಆಗಲಿಲ್ಲ. ನಾನು ಒತ್ತಿದ್ದು ಎಂಟರ್ ಪಕ್ಕದ ಕೊಟೇಶನ್ ಕೀ. ಬ್ಯಾಕ್‌ಟಿಕ್ ಇರೋದು ಎಸ್ಕೇಪ್ ಕೆಳಗೆ, 1ರ ಎಡಕ್ಕೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಆ ಕೀ ಮೇಲಿನ ಗುರುತೆಲ್ಲ ಹೊಸದಾಗೇ ಉಳಿದಿತ್ತು, ಒಮ್ಮೆಯೂ ಮುಟ್ಟಿದ್ದಿಲ್ಲ. ಎರಡನೇ ಸಲ ಕೆಳಗಿನ ಮೂರು ಮರೆತೆ. 'ಬೇಗ ನೋಡೋ ಮಾರಾಯ' ಅನ್ನೋದೂ ಕೋಡಿನ ಪೆಟ್ಟಿಗೆಗೇ ಸೇರಿಕೊಂಡಿತು. ಮೂರನೇ ಸಲಕ್ಕೆ ಸರಿಹೋಯಿತು. ಮೇಲಿನ ಬ್ಯಾಕ್‌ಟಿಕ್‌ಗಳ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಪೈಥಾನ್ ಅಂತ ಬರೆದರೆ ಬಣ್ಣವೂ ಬರುತ್ತದೆ.

ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ತಂದಾಗ ಈ ಮೂರು ಬ್ಯಾಕ್‌ಟಿಕ್ ಇರಲಿಲ್ಲವಂತೆ. ಕೋಡಿನ ಪ್ರತಿ ಸಾಲನ್ನೂ ನಾಲ್ಕು ಸ್ಪೇಸ್ ಒಳಗೆ ತಳ್ಳಬೇಕಿತ್ತು. ನನ್ನಂಥವನ ಕೈಲಿ ಅದು ಆಗೋ ಮಾತಲ್ಲ.

ಕೋಡು ನೆಟ್ಟಗೆ ಕಂಡಿದ್ದೇ ತಡ, ಅವನ ಉತ್ತರ ಬಂತು. "ಬಾಕ್ಸಿಗೆ ಇಂಟ್ ಹಾಕಿದ್ದೀಯ, ರೇಟಿಗೆ ಹಾಕಿಲ್ಲ." ಇಂಟ್ ಅಂದರೆ ಅಕ್ಷರವನ್ನು ಸಂಖ್ಯೆ ಮಾಡೋದು. ಇನ್‌ಪುಟ್‌ನಿಂದ ಬಂದ 450 ಇನ್ನೂ ಬರೀ ಅಕ್ಷರ. ಅದನ್ನು ಮೂರರಿಂದ ಗುಣಿಸು ಅಂದರೆ ಪೈಥಾನ್ ಮೂರು ಸಲ ಸಾಲಾಗಿ ಬರೆದು ಕೊಡುತ್ತದೆ.

ಸರಿಮಾಡಿ ಚಿಕ್ಕಪ್ಪನನ್ನು ಕರೆದೆ. 1350 ಅಂತ ಬಂತು.

"ಇದನ್ನ ನಾನು ಬಾಯಲ್ಲೇ ಹೇಳ್ತಿದ್ನಲ್ಲೋ" ಅಂದರು.