ಹಿರೇಬೆಣಕಲ್‌ನ ಕಲ್ಲು ನಗಾರಿ

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಒಂದು ಹುಚ್ಚಿದೆ. ಯಾವ ಊರಿಗೆ ಹೋದರೂ ಅಲ್ಲಿ ಏನಾದರೂ ವಿಚಿತ್ರ ಇದೆಯಾ ಅಂತ ಮೊದಲು ವಿಚಾರಿಸುತ್ತಾರೆ. ಬೀಳುವ ಹಾಗೆ ನಿಂತ ಬಂಡೆ, ಪಿಸುಗುಟ್ಟುವ ಗೋಡೆ, ಯಾರೂ ಎತ್ತಲಾಗದ ಗುಂಡು, ಇಂಥವು. ನನಗೆ ಅದರ ಗೋಜು ಬೇಡ. ಬಿದ್ದ ಗುಡಿ, ಅರ್ಧ ಮುರಿದ ಕಂಬ, ಪಾಚಿ ಕಟ್ಟಿದ ಶಾಸನ ಸಿಕ್ಕರೆ ಊಟ ಬೇಕಾದರೂ ಬಿಡುತ್ತೇನೆ. ಪ್ರವಾಸ ಅಂದರೆ ನಮ್ಮ ಮನೆಯಲ್ಲಿ ಯಾವಾಗಲೂ ಇದೇ ಜಗ್ಗಾಟ. ಈ ಸಲ ಇಬ್ಬರಿಗೂ ಒಪ್ಪುವ ಒಂದು ದಾರಿ ಅವರೇ ಹುಡುಕಿದರು: ಸದ್ದು ಮಾಡುವ ಹಳೇ ಜಾಗಗಳನ್ನೇ ನೋಡೋಣ. ವಿಜಯಪುರದಲ್ಲಿ ಶುರು ಮಾಡಿ, ಕೊಪ್ಪಳ ಜಿಲ್ಲೆ ಸುತ್ತಿ, ಬಳ್ಳಾರಿಯಲ್ಲಿ ಮುಗಿಸುವುದು. ಕೇಳಲು ಚೆನ್ನಾಗಿತ್ತು, ಹೂಂ ಅಂದೆ.

ಗೋಲಗುಮ್ಮಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ನೋಡಿರುತ್ತೀರಿ. ಮೊಹಮ್ಮದ್ ಆದಿಲ್ ಶಾಹನ ಗೋರಿ, 1656ರ ಹೊತ್ತಿಗೆ ಮುಗಿದದ್ದು. ಒಳಗೆ ಅಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದೇ ಒಂದು ಕಂಬ ಇಲ್ಲ. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೇಲಿನ ಪಿಸುಮಾತಿನ ಗ್ಯಾಲರಿಗೆ ಹೋದರೆ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ಕಿರುಚಾಟ. ಒಬ್ಬ ಹುಡುಗ ಕೂಗಿದರೆ ಏಳೆಂಟು ಹುಡುಗರು ಕೂಗಿದಂತೆ ಕೇಳುವ ಜಾಗ ಅದು, ಅಲ್ಲಿ ನೂರು ಮಕ್ಕಳಿದ್ದರೆ ಏನಾಗಬೇಕು ನೀವೇ ಯೋಚಿಸಿ. ಅವರೆಲ್ಲ ಇಳಿಯುವವರೆಗೆ ಕಾದೆವು. ಆಮೇಲೆ ನಮ್ಮವರು ಆ ತುದಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು, ನಾನು ಈ ತುದಿಯಲ್ಲಿ ಗೋಡೆಗೆ ಕಿವಿ ಕೊಟ್ಟೆ. ನಡುವೆ ಮೂವತ್ತೇಳು ಮೀಟರಿಗೂ ಹೆಚ್ಚು ದೂರ. ಏನೋ ಪ್ರೀತಿಯ ಮಾತು ಬರಬಹುದು ಅಂತ ಕಾದರೆ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಬಂತು: "ಗ್ಯಾಸ್ ಆಫ್ ಮಾಡಿದ್ದೀಯಾ?"

ಮಾಡಿದ್ದೆ. ಆದರೂ ಅವತ್ತೆಲ್ಲ ನನಗೆ ಅದೇ ಯೋಚನೆ.

ಮಲಿಕ್-ಎ-ಮೈದಾನ್ ತೋಪು ಮಾತ್ರ ಇಬ್ಬರಿಗೂ ಇಷ್ಟವಾಯಿತು. ಶೆರ್ಜಾ ಬುರ್ಜಿನ ಮೇಲೆ ಕೂತಿದೆ. ಸುಮಾರು 55 ಟನ್ ತೂಕ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಕಡೆ ಸಿಂಹದ ಮುಖ, ಅದರ ಹಲ್ಲಿನ ನಡುವೆ ಸಿಕ್ಕ ಆನೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜು ಹಾಕಿ 150 ರೂಪಾಯಿಗೆ ಕೂಗಿದ್ದರಂತೆ, ಆಮೇಲೆ ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಎರಕದ ಲೋಹ ಗಂಟೆಯದ್ದೇ, ಹಾಗಾಗಿ ಬೆರಳಿನಲ್ಲಿ ತಟ್ಟಿದರೂ ಸಣ್ಣಗೆ ನಾದ ಬರುತ್ತದೆ. ನಮ್ಮವರು ತಟ್ಟಿ ಕಿವಿಗೊಟ್ಟು ಖುಷಿಪಟ್ಟರು. ನಾನು ಆನೆಯ ಕಣ್ಣು ನೋಡಿದೆ. ಪಾಪ, ಆ ಎರಕದವನು ಅದಕ್ಕೂ ಗಾಬರಿ ತುಂಬಿದ್ದಾನೆ.

ಅಲ್ಲಿಂದ ಕೊಪ್ಪಳ. ಇಟಗಿಯ ಮಹಾದೇವ ದೇವಾಲಯಕ್ಕೆ ನಾನೇ ಹಟ ಹಿಡಿದು ಕರೆದುಕೊಂಡು ಹೋದೆ. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ಅಲ್ಲಿಯ ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಹೊಗಳಿಕೆ ಜಾಸ್ತಿ ಆಯಿತೇನೋ ಅಂತ ಅನುಮಾನ ಇದ್ದವರು ಒಮ್ಮೆ ಆ ಕಂಬಗಳ ನುಣುಪನ್ನು ಕೈಯಲ್ಲಿ ಮುಟ್ಟಿ ನೋಡಲಿ. ಇಲ್ಲಿ ಸದ್ದು ಮಾಡುವಂಥದ್ದು ಏನೂ ಇಲ್ಲ ಅಂತ ನಮ್ಮವರು ಗೊಣಗಿದರು, ಕೆರೆಯ ಕಡೆ ಹೋಗಿ ಕೂತರು. ಹಂಪಿಯನ್ನು ಈ ಸಲ ಬೇಕೆಂದೇ ಬಿಟ್ಟೆವು. ವಿಠ್ಠಲ ದೇವಾಲಯದ ಸಂಗೀತದ ಕಂಬಗಳನ್ನು ಈಗ ಮುಟ್ಟಲು ಬಿಡುವುದಿಲ್ಲ, ಬಿಡದಿರುವುದೇ ಸರಿ. ಸಾಣಾಪುರದ ತೆಪ್ಪ, ಅಂಜನಾದ್ರಿಯ ಮೆಟ್ಟಿಲ ಮೇಲೆ ನೂಕುನುಗ್ಗಲು, ಇವೂ ನಮ್ಮ ಪಟ್ಟಿಯಲ್ಲಿರಲಿಲ್ಲ. ಹೋಗುವವರು ಹೋಗಲಿ.

ನಾನು ಬರೆಯಲು ಕೂತದ್ದು ಹಿರೇಬೆಣಕಲ್ ಬಗ್ಗೆ.

ಗಂಗಾವತಿಯಿಂದ ಹತ್ತಿರದ ಊರು. ಕೆಳಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು, ಮೇಲೆ ಬರೀ ಬಂಡೆ. ಈ ಹಸಿರಿಗೂ ಆ ಕಲ್ಲಿಗೂ ಏನೇನೂ ಸಂಬಂಧ ಇಲ್ಲದಂತೆ ಕಾಣುತ್ತದೆ. ಊರಿನ ಅಂಚಿನಿಂದ ಬೆಳಗಿನ ತಂಪಿನಲ್ಲೇ ಹತ್ತಲು ಶುರು ಮಾಡಿದೆವು. ದಾರಿ ಅನ್ನುವುದಕ್ಕಿಂತ ಚಪ್ಪಟೆ ಬಂಡೆ, ನಡುವೆ ಕುರುಚಲು ಗಿಡ, ಮತ್ತೆ ಬಂಡೆ. ನಡುವೆ ಕೆಲವು ಗವಿಗಳಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ: ಜಿಂಕೆ, ಕುದುರೆ, ಕೈ ಹಿಡಿದು ಕುಣಿಯುವ ಜನ. ಅವುಗಳ ಮೇಲೆಯೇ ತಮ್ಮ ಹೆಸರು ಕೆತ್ತಿದವರಿಗೆ ಏನು ಹೇಳಬೇಕೋ.

ಮೇಲೆ ಬಂದಾಗ ಒಮ್ಮೆಲೇ ಕಾಣುತ್ತದೆ. ಒಂದಲ್ಲ, ಹತ್ತಲ್ಲ, ಇಡೀ ಬಯಲಿನ ತುಂಬ ಕಲ್ಲಿನ ಮನೆಗಳು. ತೆಳ್ಳಗಿನ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಮೊಣಕಾಲೆತ್ತರ, ಕೆಲವು ನನಗಿಂತ ಎಷ್ಟೋ ಎತ್ತರ, ಹತ್ತು ಅಡಿ ಹತ್ತಿರ. ಒಟ್ಟು ನಾನೂರರಷ್ಟಿವೆ ಎಂಬುದು ಪುರಾತತ್ವದವರ ಲೆಕ್ಕ. ಬೃಹತ್ ಶಿಲಾಯುಗದ ಜನ ಸತ್ತವರ ನೆನಪಿಗೆ ಕಟ್ಟಿದ್ದು, ಎರಡು ಸಾವಿರ ವರ್ಷಕ್ಕೂ ಹಿಂದೆ. 1835ರಲ್ಲೇ ಮೆಡೋಸ್ ಟೇಲರ್ ಎಂಬ ಅಧಿಕಾರಿ ಇದರ ಬಗ್ಗೆ ಬರೆದಿದ್ದ. ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ್ದು ಮಾತ್ರ 2021ರಲ್ಲಿ. ನಾವು ಹೋದ ದಿನ ಅಲ್ಲಿ ಇದ್ದವರು ನಾವಿಬ್ಬರು, ಒಂದಷ್ಟು ಆಡುಗಳು, ಅವುಗಳ ಹಿಂದೆ ಒಬ್ಬ ಅಜ್ಜ. ಅಷ್ಟೇ.

ಇಷ್ಟು ಚಪ್ಪಡಿ ಎಲ್ಲಿಂದ ತಂದರು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಪಕ್ಕದಲ್ಲೊಂದು ನೀರಿನ ಹೊಂಡ. ಅದರ ಅಂಚಿನ ಬಂಡೆ ಪದರ ಪದರವಾಗಿ ಎದ್ದಿದೆ. ಹಗಲಿನ ಕಾವಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗಿ ಗ್ರಾನೈಟು ತಾನೇ ಸಿಪ್ಪೆ ಬಿಡುತ್ತದೆ, ಆ ಸಿಪ್ಪೆಯನ್ನು ಬೇಕಾದ ಅಳತೆಗೆ ಒಡೆದುಕೊಂಡರೆ ಗೋಡೆ ಸಿದ್ಧ. ಒಡೆದರು ಸರಿ, ಹೊತ್ತದ್ದು ಹೇಗೆ? ಎತ್ತಿ ಮೇಲಿಟ್ಟದ್ದು ಹೇಗೆ? ನಮ್ಮವರು ಒಂದು ಚಪ್ಪಡಿಯ ಪಕ್ಕ ನಿಂತು ತೂಕ ಅಂದಾಜು ಹಾಕತೊಡಗಿದರು. ನಾನು ಗೋಡೆಯಲ್ಲಿದ್ದ ದುಂಡನೆಯ ತೂತು ನೋಡುತ್ತಾ ಕೂತೆ. ಹಲವು ಮನೆಗಳ ಒಂದು ಗೋಡೆಯಲ್ಲಿ ಈ ತೂತಿದೆ, ಅಂಚು ತಿದ್ದಿದ್ದು ಎಷ್ಟು ನೀಟು ಅಂದರೆ ಕೈಯಾಡಿಸಿದರೆ ಎಲ್ಲೂ ತರಚುವುದಿಲ್ಲ.

ಆಗ ಅಜ್ಜ ಹತ್ತಿರ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ.

"ಯಾವೂರ್ರೀ? ಮೋರೇರ ಮನಿ ನೋಡಾಕ ಬಂದೀರೇನು?"

ಸುತ್ತಲಿನ ಊರಿನವರು ಈ ಗುಡ್ಡವನ್ನು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರು ಯಾರಜ್ಜಾ ಅಂತ ಕೇಳಿದೆ. ಅಜ್ಜ ತನ್ನ ತೊಡೆಯ ಹತ್ತಿರ ಕೈ ಇಟ್ಟು ತೋರಿಸಿದ. "ಇಷ್ಟ ಎತ್ತರ. ಗಿಡ್ಡ ಮಂದಿ. ಇವೆಲ್ಲ ಅವ್ರ ಮನಿ. ಈ ಕಿಡಕ್ಯಾಗ ಹಾದು ಒಳಗ ಹೋಗ್ತಿದ್ರು."

ನಮ್ಮವರಿಗೆ ಸುಮ್ನೆ ಇರಲಾಗಲಿಲ್ಲ. ಓದಿಕೊಂಡು ಬಂದಿದ್ದರಲ್ಲ. "ಮನೆ ಅಲ್ಲ ಅಜ್ಜ, ಇವು ಸತ್ತವರಿಗೆ ಕಟ್ಟಿದ್ದು," ಎಂದರು.

ಅಜ್ಜ ಅವರನ್ನೇ ನೋಡಿದ. "ಸತ್ತವ್ರಿಗೆ ಕಿಡಕಿ ಯಾಕ ಬೇಕ್ರಿ ಸಾಹೇಬ್ರ?"

ನಮ್ಮವರು ನನ್ನ ಮುಖ ನೋಡಿದರು. ಇಂಥ ಹೊತ್ತಿನಲ್ಲಿ ಮಾತ್ರ ನನ್ನ ಓದು ಅವರಿಗೆ ನೆನಪಾಗುತ್ತದೆ. ನಾನು ಎಲ್ಲೋ ಓದಿದ್ದನ್ನು ಹೇಳಿದೆ, "ಜೀವ ಓಡಾಡಲಿ ಅಂತ ತೂತು ಬಿಟ್ಟಿದ್ದಾರೆ ಅಂತಾರೆ ಅಜ್ಜ."

"ಹೊರಗ ಹೋಗಾಕೋ, ಒಳಗ ಬರಾಕೋ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜನಿಗೂ ಉತ್ತರ ಬೇಕಿರಲಿಲ್ಲ, ಒಂದು ಚಪ್ಪಡಿಯ ನೆರಳಿನಲ್ಲಿ ಕೂತು ಎಲೆ ಅಡಿಕೆ ತೆಗೆದ. ನಮ್ಮವರಿಗೂ ಕೊಟ್ಟ. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಮಳೆ ಬಂದರೆ ತಾನೂ ಆಡುಗಳೂ ಈ ಮನೆಗಳೊಳಗೇ ಕೂರುವುದು, ಗವಿಯ ಕಡೆ ಕರಡಿ ಇದೆ, ಸಂಜೆ ಆ ಕಡೆ ಹೋಗಬಾರದು, ದೊಡ್ಡ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ, ಮೇಲಿನ ಮಹಡಿಯಲ್ಲಿ ಕಲ್ಲು ಕೂರಿಸುತ್ತಾನಂತೆ. "ಅವ್ನಿಗೆ ಹೇಳೀನಿ, ಮೋರೇರಂಗ ಕಟ್ಟು, ಸಿಮೆಂಟ ಇಲ್ದ ನಿಂತೈತಿ ನೋಡು ಅಂತ." ಮೂರು ಜನರೂ ನಕ್ಕೆವು. ಅಲ್ಲಿ ಎಷ್ಟು ಹೊತ್ತು ಕೂತೆವೋ, ಬಿಸಿಲು ನೆತ್ತಿಗೆ ಬಂದದ್ದೇ ಗೊತ್ತಾಗಲಿಲ್ಲ.

"ನಗಾರಿ ನೋಡಿದ್ರೇನು?" ಎಂದು ಅಜ್ಜನೇ ನೆನಪಿಸಿದ. ನಮ್ಮವರು ತಟ್ಟನೆ ಎದ್ದರು. ಅವರು ಬಂದದ್ದೇ ಅದಕ್ಕೆ.

ಒಂದು ದೊಡ್ಡ ಬಂಡೆ, ಮೂವತ್ತು ಅಡಿಗೂ ಮೇಲೆ. ಅದರ ತಲೆಯ ಮೇಲೆ ಅರ್ಧ ಗೋಳದಂತೆ ಇನ್ನೊಂದು ಕಲ್ಲು, ಆಳೆತ್ತರ. ಅದೇ ಕಲ್ಲು ನಗಾರಿ. ಹತ್ತುವಾಗ ನಾನು ನಾಲ್ಕು ಕೈಕಾಲು ಊರಿದೆ, ಅಜ್ಜ ಚಪ್ಪಲಿ ಕೆಳಗೆ ಬಿಟ್ಟು ನಡೆದುಕೊಂಡೇ ಹೋದ. ಮೈತುಂಬ ಹೊಡೆತದ ಗುರುತಿರುವ ನಗಾರಿ ಅದು. ನಮ್ಮವರು ಒಂದು ಕಲ್ಲು ಎತ್ತಿಕೊಳ್ಳಲು ಬಗ್ಗಿದರು. ಅಜ್ಜ ಗದರಿಬಿಟ್ಟ: "ಕಲ್ಲಿಲೆ ಹೊಡಿಬ್ಯಾಡ್ರಿ! ಕಟಗಿ ತಗೋರಿ." ಎಂದು ತನ್ನ ಬಡಿಗೆಯನ್ನೇ ಕೊಟ್ಟ.

ನಮ್ಮವರು ಹೊಡೆದರು. ದಡ್ ಅಂತ ಸಣ್ಣ ಸದ್ದು, ಅಷ್ಟೇ. ಅವರ ಮುಖ ಬಾಡಿತು. ಅಜ್ಜ ಬಡಿಗೆ ಇಸಿದುಕೊಂಡ, ಸುತ್ತ ಒಂದು ಹೆಜ್ಜೆ ಹಾಕಿದ, ಯಾವುದೋ ಒಂದು ಜಾಗ ನೋಡಿ ಜೋರಾಗಿ ಬಡಿದ. ಖಾಲಿ ಕಣಜಕ್ಕೆ ಗುದ್ದಿದಂಥ ಸದ್ದು ಹೊರಟಿತು. ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಯಿತು, ನಾವು ನಿಂತ ಬಂಡೆಯೇ ಅದುರಿದ ಹಾಗೆ. ಎದುರಿನ ಗುಡ್ಡ ಅದನ್ನು ವಾಪಸ್ ಕಳಿಸಿತು. ಕೆಳಗಿದ್ದ ಆಡುಗಳೆಲ್ಲ ತಲೆ ಎತ್ತಿದವು, ಎರಡು ಆಡು ನಮ್ಮ ಕಡೆ ನಡೆಯತೊಡಗಿದವು. ಅಜ್ಜ ಮತ್ತೆ ಮತ್ತೆ ಬಡಿದ, ಉಳಿದವೂ ಬಂದವು.

ಇದು ಒಂದು ಕಿಲೋಮೀಟರಿನವರೆಗೂ ಕೇಳುತ್ತದೆ ಎಂದು ಓದಿದ್ದೆ. ಆದರೆ ಓದಿದ್ದರಲ್ಲಿ ಇದು ಹಬ್ಬಕ್ಕೋ ಸಾವಿಗೋ ಶತ್ರು ಬಂದಾಗಲೋ ಬಾರಿಸಿದ್ದಿರಬಹುದು ಎಂಬ ಊಹೆಗಳಷ್ಟೇ ಇದ್ದವು. ಆಡು ಕರೆಯಲು ಅಂತ ಯಾರೂ ಬರೆದಿರಲಿಲ್ಲ. ನನಗೆ ಆ ಗಳಿಗೆಯಲ್ಲಿ ಗಂಟಲು ಕಟ್ಟಿತು, ಯಾಕೆ ಅಂತ ಕೇಳಬೇಡಿ. ಇಟಗಿಯಲ್ಲಿ ಅಷ್ಟು ಚಂದದ ಕೆತ್ತನೆ ನೋಡಿದಾಗಲೂ ಹಾಗಾಗಿರಲಿಲ್ಲ. ಅಲ್ಲಿಯದನ್ನು ನೋಡಬಹುದು, ಮುಟ್ಟಬಹುದು, ಅಷ್ಟೇ. ಇಲ್ಲಿ ಯಾರೋ ಸತ್ತವರ ಮನೆಗಳ ಪಕ್ಕ ಹುಡುಕಿ ಇಟ್ಟ ಕಲ್ಲೊಂದು ಇನ್ನೂ ಕೆಲಸ ಮಾಡುತ್ತಿದೆ, ಅದನ್ನು ಎಲ್ಲಿ ಬಡಿಯಬೇಕು ಅನ್ನುವುದು ಇನ್ನೂ ಒಬ್ಬನ ಕೈಗೆ ಗೊತ್ತಿದೆ. ಗೋಲಗುಮ್ಮಟ ಜಾಣರ ಲೆಕ್ಕಾಚಾರ. ಇದು ಬೇರೆಯದೇ.

ಇಳಿದು ಬಂದಾಗ ಕಾರಿಲ್ಲ! ಗಂಗಾವತಿಯಲ್ಲಿ ಗೊತ್ತು ಮಾಡಿದ ಕಾರಿನವನು ಡೀಸೆಲ್‌ಗೆ ಅಂತ ಹೋಗಿಬರುವ ಬಾಡಿಗೆ ಪೂರ್ತಿ ಮೊದಲೇ ಇಸಿದುಕೊಂಡಿದ್ದ, ಇಲ್ಲೇ ಮರದ ಕೆಳಗೆ ಇರುತ್ತೇನೆ ಎಂದಿದ್ದ. ಮರ ಇತ್ತು. ಫೋನ್ ಮಾಡಿದರೆ ಮೊದಲು ರಿಂಗ್ ಆಯಿತು, ಆಮೇಲೆ ಸ್ವಿಚ್ ಆಫ್. ನೀರೂ ಮುಗಿದಿತ್ತು. ಕೊನೆಗೆ ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರ್ ನಿಲ್ಲಿಸಿ, ಮೂಟೆಗಳ ಮೇಲೆ ಕೂತು ಗಂಗಾವತಿ ಸೇರಿದೆವು. ನಮ್ಮವರಿಗೆ ಅದೂ ಒಂದು ವಿಚಿತ್ರದ ಲೆಕ್ಕಕ್ಕೆ ಜಮೆ, ಫೋಟೋ ಬೇರೆ. ನನಗೆ ಈಗಲೂ ನೆನೆದರೆ ಉರಿಯುತ್ತದೆ. ಹಾಗಾಗಿ ಹೋಗುವವರಿಗೆ ಹೇಳುತ್ತೇನೆ: ಅರ್ಧ ದುಡ್ಡು ಕೈಯಲ್ಲಿಟ್ಟುಕೊಳ್ಳಿ, ಎಷ್ಟೇ ಗೋಗರೆದರೂ ಕೊಡಬೇಡಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರಿರಲಿ, ಮೇಲೆ ಅಂಗಡಿ ಇಲ್ಲ, ಮರದ ನೆರಳೂ ಅಷ್ಟಕ್ಕಷ್ಟೇ. ಬೇಸಿಗೆಯಲ್ಲಂತೂ ಬೇಡವೇ ಬೇಡ. ಊರಿನಲ್ಲಿ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ನಗಾರಿಯ ಬಂಡೆ ಸುಮ್ನೆ ಹುಡುಕಿದರೆ ಸಿಗುವಂಥದ್ದಲ್ಲ.

ಬಳ್ಳಾರಿಯ ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲೂ ಸದ್ದು ಮಾಡುವ ಕಲ್ಲುಗಳಿವೆ. ಗ್ರಾನೈಟಿನ ನಡುವೆ ಹಾದುಹೋದ ಕರಿಕಲ್ಲಿನ ಸಾಲು, ಅದರ ಮೇಲೆ ನವಶಿಲಾಯುಗದವರು ಕುಟ್ಟಿ ಮೂಡಿಸಿದ ಡುಬ್ಬದ ಎತ್ತುಗಳು, ಕೆಲವು ಬಂಡೆಗಳಲ್ಲಿ ಕುಟ್ಟಿ ಕುಟ್ಟಿ ಆದ ಗುಳಿಗಳು. ಆ ಗುಳಿಗೆ ಕಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಬರುತ್ತದೆ. 1892ರಲ್ಲೇ ಫಾಸೆಟ್ ಎಂಬವರು ಈ ಚಿತ್ರಗಳ ಬಗ್ಗೆ ಬರೆದಿದ್ದರು. ನಮ್ಮವರಿಗೆ ಇದು ನಗಾರಿಗಿಂತ ಮೇಲು, ನಾದ ಶುದ್ಧ ಅನ್ನುವುದು ಅವರ ವಾದ. ನನಗೆ ಎತ್ತುಗಳು ಇಷ್ಟವಾದವು. ಆದರೆ ಆ ಸುತ್ತಿನ ಕಲ್ಲು ಗಣಿಗಾರಿಕೆ ತಿಂದುಹಾಕಿದ ಬಂಡೆಗಳನ್ನು ನೋಡಿ ಹೊಟ್ಟೆ ತೊಳಸಿತು, ಜಾಸ್ತಿ ಹೊತ್ತು ನಿಲ್ಲಲಿಲ್ಲ. ಬಳ್ಳಾರಿ ಊರಿನೊಳಗಿನ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಮಾತ್ರ ಬಿಡಬೇಡಿ. ಹತ್ತಿರದ ಸಂಗನಕಲ್ಲು ಊರಿನಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳನ್ನು ಅಲ್ಲಿ ನೋಡಬಹುದು.

ಮುಂದಿನ ಸಲ ರಾಯಚೂರು ಜಿಲ್ಲೆಯ ಮಸ್ಕಿ ಅಂತ ನಾನು ಹೇಳಿದ್ದೇನೆ. ಅಶೋಕನ ಹೆಸರೇ ಇರುವ ಶಾಸನ, 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದದ್ದು. ಅಲ್ಲಿ ತಟ್ಟಿದರೆ ಏನಾದರೂ ಕೇಳುತ್ತಾ ಅಂತ ನಮ್ಮವರು ಈಗಾಗಲೇ ವಿಚಾರಿಸುತ್ತಿದ್ದಾರೆ. ಅಶೋಕನ ಬಂಡೆಗೆ ಕೈ ಹಾಕಿದರೆ ನಾನೇ ಪೊಲೀಸರಿಗೆ ಹಿಡಿದುಕೊಡುತ್ತೇನೆ ಅಂದಿದ್ದೇನೆ.