ಬ್ರದರ್, ಸಿರಿಂಜ್ ಒಮ್ಮೆ ನೋಡ್ರಿ

ಇದು ನಡೆದು ನಾಲ್ಕು ವರ್ಷವಾಯಿತು. ಹೆಂಡತಿಯನ್ನು ಬಿಟ್ಟರೆ ಆಸ್ಪತ್ರೆಯ ಹೊರಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಗಂಡಸಾದ್ದರಿಂದ ಎಲ್ಲರ ಬಾಯಲ್ಲೂ ‘ಬ್ರದರ್’. ಆಗ ಗಂಡಸರ ಮೆಡಿಕಲ್ ವಾರ್ಡಿಗೆ ಇನ್‌ಚಾರ್ಜ್ ಆಗಿದ್ದೆ. ನಮ್ಮ ಮನೆತನ ಗದಗ ಪಕ್ಕದ ಬೆಟಗೇರಿಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಕ್ರಿಶ್ಚಿಯನ್ ಮಿಷನರಿಗಳು 1837ಕ್ಕೆ ಧಾರವಾಡ ಮುಟ್ಟಿದರು, ಆಮೇಲೆ ನಮ್ಮ ಬೆಟಗೇರಿಗೂ ಬಂದರು. ಅವರ ಹಿಂದೆಯೇ ಶಾಲೆ ಬಂತು, ಆಮೇಲೆ ಆಸ್ಪತ್ರೆ ಬಂತು. ಅದಕ್ಕೇ ಏನೋ, ನಮ್ಮ ಕಡೆ ಕ್ರಿಶ್ಚಿಯನ್ನರ ಮನೆ ಅಂದರೆ ಒಬ್ಬರು ಮಾಸ್ತರು, ಒಬ್ಬರು ನರ್ಸ್ ಇದ್ದೇ ಇರುತ್ತಾರೆ ಅಂತ ಜನರ ಲೆಕ್ಕ. ನಮ್ಮಪ್ಪ ಮಾಸ್ತರು. ಉಳಿದದ್ದು ನನ್ನ ಪಾಲಿಗೆ ಬಂತು.

ಶಿಷ್ಯನಾಗುವುದು ಅಂದರೆ ಏನು ಅಂತ ಸಂಡೇ ಸ್ಕೂಲಿನಲ್ಲಿ ಕೇಳಿದಾಗಲೆಲ್ಲ ನನ್ನ ಕಣ್ಣೆದುರು ಬರುತ್ತಿದ್ದದ್ದು ಒಂದೇ ಚಿತ್ರ. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುವುದು. ನಿಜ ಹೇಳಬೇಕೆಂದರೆ ಅದು ನನಗೆ ಕಷ್ಟದ್ದು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಬೆಡ್‌ಪ್ಯಾನ್ ತೆಗೆದಿದ್ದೇನೆ. ಹುಳ ಬಿದ್ದ ಗಾಯಕ್ಕೆ ಮೂಗು ಮುಚ್ಚಿಕೊಳ್ಳದೆ ಡ್ರೆಸ್ಸಿಂಗ್ ಮಾಡಿದ್ದೇನೆ. ಕಾಲು ತೊಳೆಯುವುದರಲ್ಲಿ ನಾನು ಪಾಸಾದವನು ಅನ್ನುವ ಧೈರ್ಯ ಇತ್ತು.

ಅವತ್ತು ಸ್ಟಾಫ್ ಕಡಿಮೆ ಇದ್ದರು ಅಂತ ನಾನೇ ನೈಟ್ ಡ್ಯೂಟಿಗೆ ನಿಂತಿದ್ದೆ. ನವಲಗುಂದ ಕಡೆಯ ಒಬ್ಬ ಅಜ್ಜ. ನ್ಯುಮೋನಿಯಾಕ್ಕೆ ಅಡ್ಮಿಟ್ ಆಗಿದ್ದರು, ಜೊತೆಗೆ ಹಳೇ ಶುಗರ್. ಮಲಗುವಾಗ 20 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡಬೇಕಿತ್ತು. ವಯಲ್, ಅಂದರೆ ಇನ್ಸುಲಿನ್ನಿನ ಪುಟ್ಟ ಬಾಟಲಿ, ಅವರು ಮನೆಯಿಂದ ತಂದದ್ದು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರು ಇದ್ದರೆ ನಿಮಗೂ ಬೇಕಾದದ್ದೇ. ನಮ್ಮ ದೇಶದಲ್ಲಿ ಸಿಗುವ ಇನ್ಸುಲಿನ್ ವಯಲ್‌ಗಳಲ್ಲಿ ಜಾಸ್ತಿ ಇರುವುದು ಒಂದು ಎಂ.ಎಲ್.ಗೆ 40 ಯೂನಿಟ್‌ನವು. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜ್. ಕೆಲವು ವಯಲ್ 100 ಯೂನಿಟ್‌ನವು ಇರುತ್ತವೆ, ಅದಕ್ಕೆ ಕಿತ್ತಳೆ ಬಣ್ಣದ ಕ್ಯಾಪಿನ ಸಿರಿಂಜ್. 100ರ ಇನ್ಸುಲಿನ್ನನ್ನು ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಎಂ.ಎಲ್. ಅಂದರೆ 50 ಯೂನಿಟ್, ಎರಡೂವರೆ ಪಟ್ಟು. ತಿರುಗಾಮುರುಗಾ ಆದರೆ 20ರ ಬದಲು ಬರೀ 8 ಯೂನಿಟ್ ಹೋಗುತ್ತದೆ. ವಯಲ್ ಮೇಲಿನ ನಂಬರ್, ಸಿರಿಂಜ್ ಮೇಲಿನ ನಂಬರ್ ಎರಡೂ ಒಂದೇ ಇರಬೇಕು. ಅಷ್ಟೇ ವಿಷಯ. ಎರಡನೇ ಕ್ಲಾಸಿನ ಮಗು ಹೊಂದಿಸಬಲ್ಲದು.

ನಾನು ಹೊಂದಿಸಲಿಲ್ಲ. ಅಜ್ಜನ ವಯಲ್ 100ರದ್ದು, ಕೈ ತಾನಾಗಿಯೇ ಕೆಂಪು ಕ್ಯಾಪಿಗೆ ಹೋಯಿತು. ಇನ್ಸುಲಿನ್ ಕೊಡುವ ಮುಂಚೆ ಇನ್ನೊಬ್ಬರಿಗೆ ತೋರಿಸಿ ಸಹಿ ಹಾಕಿಸಬೇಕು ಅನ್ನುವ ನಿಯಮ ನಮ್ಮಲ್ಲಿದೆ. ಆ ರಾತ್ರಿ ಜೊತೆಗಿದ್ದವರು ಕೆಲಸಕ್ಕೆ ಸೇರಿ ಐದು ತಿಂಗಳಾದ ಒಬ್ಬ ಸಿಸ್ಟರ್. ನಾನು ತೋರಿಸಲಿಲ್ಲ, ಸುಮ್ನೆ ಚಾರ್ಟ್ ಮುಂದೆ ಹಿಡಿದೆ. ಆಕೆ ಸಹಿ ಹಾಕುತ್ತಲೇ, “ಬ್ರದರ್, ಸಿರಿಂಜ್ ಒಮ್ಮೆ ನೋಡ್ರಿ” ಅಂದರು. ಧ್ವನಿ ಸಣ್ಣದು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಏನಂದೆ ಗೊತ್ತಾ? “ಹದಿನೇಳು ವರ್ಷದಿಂದ ಇದೇ ಕೆಲಸ ಸಿಸ್ಟರ್.” ಅದನ್ನೂ ನಕ್ಕುಕೊಂಡೇ ಅಂದೆ. ಬೈಯಲಿಲ್ಲವಲ್ಲ, ಎಷ್ಟು ಮೃದುವಾಗಿ ಹೇಳಿದೆ ಅಂತ ನನ್ನ ಬಗ್ಗೆ ನನಗೇ ಮೆಚ್ಚುಗೆ.

ಹತ್ತು ನಿಮಿಷದ ನಂತರ ಟ್ರೇ ತೊಳೆಯಲು ಹೋದಾಗ ಕೆಂಪು ಕ್ಯಾಪ್ ಮತ್ತು ಆ ವಯಲ್ ಒಟ್ಟಿಗೆ ಕಂಡವು. ಕಾಲಲ್ಲಿ ಬಲ ಹೋಯಿತು.

ಈಗ ಹೇಳುವುದು ಹೇಳಲು ಕಷ್ಟವಾದದ್ದು. ನಾನು ಕೂಡಲೇ ಡಾಕ್ಟರಿಗೆ ಫೋನ್ ಮಾಡಲಿಲ್ಲ. ಸುಮಾರು ನಲವತ್ತು ನಿಮಿಷ ಯಾರಿಗೂ ಹೇಳಲಿಲ್ಲ. ಅಜ್ಜನಿಗೆ ಎರಡು ಬಿಸ್ಕಿಟ್ ತಿನ್ನಿಸಿದೆ, ಸಕ್ಕರೆ ಹಾಕಿದ ಹಾಲು ಕುಡಿಸಿದೆ, ಬೆರಳು ಚುಚ್ಚಿ ಶುಗರ್ ನೋಡಿದೆ. 164. ಗ್ಲಾರ್ಜಿನ್ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್, ಒಂದು ದಿನವಿಡೀ ಎಳೆಯುತ್ತದೆ. ಆಗಿನ 164ಕ್ಕೆ ಅರ್ಥವೇ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಸ್ಟೋರ್ ರೂಮಿನಲ್ಲಿ ನಿಂತು ಪ್ರಾರ್ಥನೆ ಮಾಡಿದೆ. ಕರ್ತನೇ, ಏನೂ ಆಗದಿರಲಿ. ನಿನ್ನ ಮೇಲೆ ಭಾರ ಹಾಕಿದ್ದೇನೆ.

ಆ ಪ್ರಾರ್ಥನೆಯ ಬಗ್ಗೆ ನಾನು ತುಂಬ ಸಲ ಯೋಚಿಸಿದ್ದೇನೆ. ಹೊರಗಿನಿಂದ ನೋಡಿದರೆ ನಂಬಿಕೆಯ ಹಾಗೆಯೇ ಕಾಣುತ್ತದೆ. ಏನೂ ಆಗದಿರಲಿ ಅಂದದ್ದು ಯಾರಿಗೆ? ಅಜ್ಜನಿಗಲ್ಲ, ನನಗೆ. ಅಜ್ಜ ಚೆನ್ನಾಗಿರಲಿ ಅನ್ನುವುದಾಗಿದ್ದರೆ ಮಾಡಬೇಕಾದ ಕೆಲಸ ಒಂದು ಫೋನ್ ದೂರದಲ್ಲಿತ್ತು. ಸ್ವಂತ ಬುದ್ಧಿಗೆ ಒರಗಬೇಡ ಎಂಬ ಬೈಬಲಿನ ಜ್ಞಾನೋಕ್ತಿಯ ಮಾತು ನಮ್ಮ ಮನೆಯ ಕ್ಯಾಲೆಂಡರಿನ ಮೇಲೇ ಇದೆ. ನಾನು ಬುದ್ಧಿಗೆ ಒರಗಿಕೊಂಡು, ದೇವರನ್ನು ಕಾವಲಿಗೆ ನಿಲ್ಲಿಸಿದ್ದೆ.

ಹೊರಗೆ ಬಂದಾಗ ಸಿಸ್ಟರ್ ನರ್ಸಿಂಗ್ ಸ್ಟೇಷನ್‌ನಲ್ಲಿ ಚಾರ್ಟ್ ಬರೆಯುತ್ತಿದ್ದರು. ನನ್ನ ಹೆಸರಿನ ಪಕ್ಕ ಅವರ ಸಹಿ. ಬೆಳಿಗ್ಗೆ ಏನಾದರೂ ಆದರೆ ಆ ಹುಡುಗಿಯೂ ಸಿಕ್ಕಿಹಾಕಿಕೊಳ್ಳುತ್ತಾಳೆ ಅನ್ನುವುದು ಆಗ ಹೊಳೆಯಿತು. ಭಕ್ತಿಯಿಂದ ಎಚ್ಚರವಾಗಲಿಲ್ಲ ನನಗೆ, ಆ ಸಹಿಯಿಂದ ಆಯಿತು. ಫೋನ್ ತೆಗೆದೆ.

ಡ್ಯೂಟಿ ಡಾಕ್ಟರ್ ನನಗಿಂತ ಹದಿನೈದು ವರ್ಷ ಸಣ್ಣವರು. ಓಡಿ ಬಂದರು. ಹತ್ತು ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ಡ್ರಿಪ್ ಶುರು ಮಾಡಿಸಿದರು, ಗಂಟೆಗೊಂದು ಸಲ ಶುಗರ್ ನೋಡಲು ಹೇಳಿದರು. “ಯಾವಾಗ ಕೊಟ್ಟಿರಿ? ಈಗ ಯಾಕೆ ಹೇಳ್ತಾ ಇದೀರಿ?” ಅಂತ ಸ್ಟೂಡೆಂಟ್‌ಗಳ ಎದುರೇ ಕೇಳಿದರು. ಉತ್ತರ ಇರಲಿಲ್ಲ.

ಅಜ್ಜನ ಮಗ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗಿದ್ದರು. ಎಬ್ಬಿಸಿದೆವು. ನಮ್ಮ ಭಾಷೆಯಲ್ಲಿ ಒಂದು ಅನುಕೂಲ ಇದೆ ನೋಡಿ. ‘ಇನ್ಸುಲಿನ್ ಸ್ವಲ್ಪ ಹೆಚ್ಚಾಗೇತಿ’ ಅಂದರೆ ಸಾಕು. ಅದು ತಾನೇ ಹೆಚ್ಚಾದ ಹಾಗೆ, ಹಾಲು ಉಕ್ಕಿದ ಹಾಗೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿ, “ನಾನ ಹೆಚ್ಚ ಹಾಕೀನ್ರಿ. ಈ ಸಿಸ್ಟರ್ ನೋಡ್ರಿ ಅಂತ ಹೇಳಿದ್ರು, ನಾ ಕೇಳಲಿಲ್ಲ” ಅಂದೆ. ಆತ ನನ್ನ ಶರ್ಟಿನ ಕಾಲರ್ ಹಿಡಿದರು. ಹಿಡಿಯಬೇಕಾದದ್ದೇ.

ಮೂರು ಗಂಟೆಗೆ ಶುಗರ್ 58ಕ್ಕೆ ಇಳಿಯಿತು. 70ಕ್ಕಿಂತ ಕೆಳಗೆ ಹೋದರೆ ಅಪಾಯದ ಗಂಟೆ ಅಂತಲೇ ಲೆಕ್ಕ. ಡೆಕ್ಸ್‌ಟ್ರೋಸ್ ಹೆಚ್ಚಿಸಿದರು. ಎಲ್ಲರೂ ಎಚ್ಚರವಿದ್ದದ್ದರಿಂದ ಅಜ್ಜ ಬೆವರಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಸುಮ್ಮನಿದ್ದಿದ್ದರೆ ಮೂರು ಗಂಟೆಗೆ ಯಾರೂ ಬೆರಳು ಚುಚ್ಚುತ್ತಿರಲಿಲ್ಲ. ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆವು. ಮರುದಿನ ರಾತ್ರಿಯವರೆಗೂ ಚುಚ್ಚಿದ್ದೇ ಚುಚ್ಚಿದ್ದು. ಅಜ್ಜನಿಗೆ ಆಗಿದ್ದ ಸಿಟ್ಟು ಅದೊಂದಕ್ಕೇ. “ಬೆರಳ ಏನ ಜರಡಿ ಮಾಡ್ತೀರೇನಪಾ?” ಅಂದರು. ಅವರ ಮಗ ಮಾತ್ರ ಡಿಸ್ಚಾರ್ಜ್ ಆಗುವವರೆಗೂ ನನ್ನ ಮುಖ ನೋಡಲಿಲ್ಲ.

ಮೆಮೋ ಬಂತು. ಮೂರು ತಿಂಗಳು ಇನ್‌ಚಾರ್ಜ್ ಕೆಲಸ ಬೇರೆಯವರಿಗೆ ಹೋಯಿತು.

ಆ ವರ್ಷ ಶುಭ ಶುಕ್ರವಾರದ ಹಿಂದಿನ ದಿನ ನಮ್ಮ ಚರ್ಚಿನಲ್ಲಿ ಕಾಲು ತೊಳೆಯುವ ಆರಾಧನೆ ಇತ್ತು. ಪಾಸ್ಟರ್ ಅಯ್ಯನವರು ಹನ್ನೆರಡು ಜನರನ್ನು ಕೂರಿಸಿ ಕಾಲು ತೊಳೆಯುತ್ತಾರೆ, ಅದರಲ್ಲಿ ನಾನೂ ಒಬ್ಬ. ಮನೆಯಲ್ಲಿ ಉಗುರು ಕತ್ತರಿಸಿ, ಕಲ್ಲಿನಿಂದ ಹಿಮ್ಮಡಿ ಉಜ್ಜಿ, ಸೋಪು ಹಚ್ಚಿ ತೊಳೆಯುತ್ತಾ ಕೂತಿದ್ದೆ. ಹೆಂಡತಿ ನೋಡಿ, “ಅಲ್ಲಿ ತೊಳೆಸಿಕೊಳ್ಳೋಕೆ ಇಲ್ಲಿ ತೊಳ್ಕೊಂಡು ಹೋಗಬೇಕಾ?” ಅಂದಳು. ನಗು ಬಂತು. ಎಲ್ಲರೂ ಹೀಗೇ ಮಾಡುತ್ತಾರೆ, ಆ ಹನ್ನೆರಡರಲ್ಲಿ ಒಂದು ಕೊಳೆ ಕಾಲು ನಾನು ಕಂಡಿಲ್ಲ. ಆದರೆ ಬಚ್ಚಲಲ್ಲಿ ಹಾಗೇ ಕೂತುಬಿಟ್ಟೆ. ಯೇಸುಸ್ವಾಮಿ ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರ ಬೇಡವೇ ಬೇಡ ಅಂದದ್ದು ನೆನಪಾಯಿತು. ಅದು ಮರ್ಯಾದೆಯ ಮಾತು ಅಂತ ಅಷ್ಟು ವರ್ಷ ಅಂದುಕೊಂಡಿದ್ದೆ. ಬೇರೆಯವರ ಕಾಲು ತೊಳೆಯುವಾಗ ನೀರು, ಬಟ್ಟೆ ನಮ್ಮ ಕೈಯಲ್ಲಿರುತ್ತವೆ. ನಮ್ಮ ಕಾಲಿನ ಕೊಳೆಯನ್ನು ಇನ್ನೊಬ್ಬರು ನೋಡಿಬಿಡುವುದು ಬೇರೆಯೇ. ಅದೂ ಐದು ತಿಂಗಳ ಸರ್ವೀಸಿನ ಹುಡುಗಿ ನೋಡುವುದು.

ಆಕೆಯ ಹತ್ತಿರ ಕ್ಷಮೆ ಕೇಳಿದೆ. “ನನಗೂ ಖಾತ್ರಿ ಇರಲಿಲ್ಲ ಬ್ರದರ್, ಇದ್ದಿದ್ರೆ ಜೋರಾಗಿ ಹೇಳ್ತಿದ್ದೆ” ಅಂದರು. ಇರಬಹುದು. ಆದರೆ ಜೋರಾಗಿ ಹೇಳುವ ಹಾಗೆ ನಾನು ಇಟ್ಟಿರಲಿಲ್ಲ ಅನ್ನುವುದೂ ನಿಜ. ಆಕೆ ಈಗ ಬೆಂಗಳೂರಿನಲ್ಲಿದ್ದಾರೆ.

ನಾನು ಬದಲಾದೆ ಅಂತೇನೂ ಹೇಳುವುದಿಲ್ಲ. ಹೋದ ವಾರ ಇನ್ಸುಲಿನ್ ಎಳೆದುಕೊಂಡು ಬೆಡ್ ಕಡೆ ಹೊರಟಿದ್ದೆ. ಟ್ರೇನಿಂಗಿಗೆ ಬಂದ ಒಬ್ಬ ಹುಡುಗಿ ಅಡ್ಡ ನಿಂತು, “ಬ್ರದರ್, ತೋರಸ್ಲಿಲ್ಲ” ಅಂದಳು. ಹೊಟ್ಟೆಯಲ್ಲಿ ಅದೇ ಹಳೇ ಉರಿ ಎದ್ದಿತು. ಹದಿನೇಳು ಈಗ ಇಪ್ಪತ್ತೊಂದು ವರ್ಷ ಆಗಿದೆ, ಬಾಯಿಗೂ ಬಂತು. ವಯಲ್ ಮತ್ತು ಸಿರಿಂಜ್ ಅವಳ ಕೈಗೆ ಕೊಟ್ಟು ನಿಂತೆ. ಅವಳು ದೀಪದ ಕೆಳಗೆ ಹಿಡಿದು, ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ತುಂಬ ಹೊತ್ತು ತಗೊಂಡಳು.

“ನಲವತ್ತು, ನಲವತ್ತು. ಬರೋಬ್ಬರಿ ಐತ್ರಿ. ಹಾಕ್ರಿ ಬ್ರದರ್.”