ಕರಗುವುದು ಎರಡು ಬಗೆ

ಜನವರಿಯ ಒಂದು ಶನಿವಾರ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಉಪ್ಪು ತಂದುಕೊಟ್ಟಳು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದ, ಅಂದರೆ ಸಮುದ್ರದ ನೀರು ಬತ್ತಿಸಿ ಉಪ್ಪು ತೆಗೆಯುವ ಗದ್ದೆಯ, ಉಪ್ಪು. ಅವಳ ಅಮ್ಮ ಬೇಸಿಗೆಯಲ್ಲಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಹರಳುಗಳು ದಪ್ಪ, ಬಣ್ಣ ತುಸು ಮಣ್ಣುಮಣ್ಣು. ಹಿಂದಿನ ವಾರ ತರಗತಿಯಲ್ಲಿ ಪಟಿಕ ಮತ್ತು ಮೈಲುತುತ್ತದ ಸ್ಫಟಿಕೀಕರಣ ಮಾಡಿಸಿದ್ದೆ. ಅಡಿಕೆ ತೋಟದವರ ಮಕ್ಕಳಿಗೆ ಮೈಲುತುತ್ತ ಪರಿಚಯದ್ದೇ; ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣಕ್ಕಾಗಿ ಮನೆಗೆ ಚೀಲಗಟ್ಟಲೆ ಬರುತ್ತದೆ. ಅದನ್ನು ಶುದ್ಧ ಮಾಡಿದ ಹಾಗೆ ನಮ್ಮ ಉಪ್ಪನ್ನೂ ಮಾಡಬಹುದಲ್ಲವೇ ಎಂಬುದು ಅವಳ ಪ್ರಶ್ನೆ.

ಮಾಡೋಣ ಎಂದೆ. ಉಪ್ಪನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದೆವು. ಬಾವಿಯ ನೀರು ಬೇಡ. ನಮ್ಮ ಕರಾವಳಿಯ ಬಾವಿ ನೀರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ ಸಾಕು, ತೆಳು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ; ಅದರಲ್ಲೂ ಉಪ್ಪಿನಂಶ ಇದೆ ಎಂದರ್ಥ. ಆಮೇಲೆ ಸೋಸುವಿಕೆ. ಫಿಲ್ಟರ್ ಪೇಪರನ್ನು ಎರಡು ಸಲ ಮಡಚಿ, ಒಂದು ಕಡೆ ಮೂರು ಪದರ, ಇನ್ನೊಂದು ಕಡೆ ಒಂದೇ ಪದರ ಬರುವಂತೆ ಬಿಡಿಸಿ ಆಲಿಕೆಯಲ್ಲಿ ಕೂರಿಸಬೇಕು. ನಾಲ್ಕು ಹನಿ ನೀರಿನಿಂದ ಒದ್ದೆ ಮಾಡಿ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕಾಗದ ಗಾಜಿಗೆ ಅಂಟಿಕೊಳ್ಳುತ್ತದೆ. ಈ ಒಂದು ನಿಮಿಷದ ಕೆಲಸವನ್ನು ಮಕ್ಕಳು ಬಿಡುತ್ತಾರೆ, ನಂತರ ಅರ್ಧ ಗಂಟೆ ತೊಟ್ಟಿಕ್ಕುವುದನ್ನು ಕಾಯುತ್ತಾರೆ. ಆಲಿಕೆಯ ಕಾಲು ಬೀಕರಿನ ಗೋಡೆಗೆ ತಾಗಿರಬೇಕು, ದ್ರಾವಣವನ್ನು ಗಾಜಿನ ಕಡ್ಡಿಯ ಮೇಲಿಂದ ಇಳಿಸಬೇಕು, ಕಾಗದದ ಅಂಚಿಗಿಂತ ಒಂದು ಬೆರಳು ಕೆಳಗೇ ನಿಲ್ಲಿಸಬೇಕು. ಅವಳು ಎಲ್ಲವನ್ನೂ ಹೇಳಿದಂತೆ ಮಾಡಿದಳು. ಕಾಗದದಲ್ಲಿ ಕಂದು ಕೆಸರು ಉಳಿಯಿತು, ಕೆಳಗೆ ತಿಳಿಯಾದ ನೀರು.

ತೊಂದರೆ ಶುರುವಾದದ್ದು ಇಲ್ಲಿ. ಪಟಿಕದ ಬಿಸಿ ದ್ರಾವಣವನ್ನು ತಣಿಯಲು ಬಿಟ್ಟರೆ ಹರಳುಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಉಪ್ಪಿನ ಬಿಸಿ ದ್ರಾವಣ ತಣ್ಣಗಾದರೂ ಹೆಚ್ಚೇನೂ ಆಗಲಿಲ್ಲ. 100 ಗ್ರಾಂ ನೀರು ಸೊನ್ನೆ ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಉಪ್ಪನ್ನು ಹಿಡಿದುಕೊಳ್ಳುತ್ತದೆ. ಕುದಿಯುವಾಗಲೂ ಸುಮಾರು 39 ಗ್ರಾಂ ಮಾತ್ರ. ತಣಿಸಿ ಹೊರಗೆ ಬರಿಸಬಹುದಾದದ್ದು ಆ ಮೂರು ಗ್ರಾಂ ಅಷ್ಟೇ. ಹಾಗಾಗಿ ಚೀನಾ ಬಟ್ಟಲಿಗೆ ಸುರಿದು ಬರ್ನರಿನ ಮೇಲಿಟ್ಟೆವು.

ನೀರು ಬತ್ತುತ್ತ ಬಂದಂತೆ ಉಪ್ಪು ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯತೊಡಗಿತು. ಹರಳಿನೊಳಗೆ ಸಿಕ್ಕಿಕೊಂಡ ನೀರಿನ ಹನಿ ಆವಿಯಾಗಿ ಹರಳನ್ನೇ ಒಡೆದು ಹೊರಬೀಳುವ ಸದ್ದು ಅದು. ಕನ್ನಡಕ ಹಾಕಿಸಿ, ಉರಿ ತಗ್ಗಿಸಿ, ಕಡ್ಡಿಯಿಂದ ಕೈಯಾಡಿಸಲು ಹೇಳಿದೆ. ಪೂರ್ತಿ ಒಣಗಿದ ಮೇಲೂ ಅವಳು ಬರ್ನರ್ ಆರಿಸಲಿಲ್ಲ. ಬಟ್ಟಲಿನ ತಳವನ್ನೇ ನೋಡುತ್ತ ನಿಂತಿದ್ದಳು.

"ಮೇಡಂ, ಇಷ್ಟು ಬೆಂಕಿಗೆ ಕರಗದ ಉಪ್ಪು ತಣ್ಣೀರಿನಲ್ಲಿ ಹೇಗೆ ಕರಗಿತು?"

ಈ ಪ್ರಶ್ನೆಯನ್ನು ನಾನು ಇಲ್ಲಿ ಬರೆದಿಡಬೇಕೆಂದೇ ಇಷ್ಟು ಹೇಳಿದ್ದು. ಬೆಣ್ಣೆ ಕರಗಿತು ಎನ್ನುತ್ತೇವೆ, ಸಕ್ಕರೆ ಕರಗಿತು ಎನ್ನುತ್ತೇವೆ. ಪಠ್ಯಪುಸ್ತಕ ಒಂದನ್ನು ದ್ರವಿಸುವುದು, ಇನ್ನೊಂದನ್ನು ವಿಲೀನವಾಗುವುದು ಎಂದು ಬೇರೆ ಮಾಡುತ್ತದೆ. ಮನೆಮಾತಿನಲ್ಲಿ ಎರಡೂ ಒಂದೇ ಕ್ರಿಯಾಪದ. ಆ ಒಂದೇ ಪದದಿಂದಲೇ ಅವಳಿಗೆ ಈ ಪ್ರಶ್ನೆ ಹುಟ್ಟಿತು. ಪುಸ್ತಕದ ಎರಡು ಪದಗಳನ್ನು ಬಾಯಿಪಾಠ ಮಾಡಿದ್ದರೆ ಹುಟ್ಟುತ್ತಲೇ ಇರಲಿಲ್ಲ.

ಕಪ್ಪುಹಲಗೆಯ ಮೇಲೆ ನಾವು ಒಂದು ಸೋಡಿಯಂ, ಒಂದು ಕ್ಲೋರಿನ್ ಬರೆದು, ಬಾಣ ಹಾಕಿ ಎಲೆಕ್ಟ್ರಾನನ್ನು ದಾಟಿಸುತ್ತೇವೆ. ಮಕ್ಕಳ ಮನಸ್ಸಿನಲ್ಲಿ ಜೋಡಿಯೊಂದು ಉಳಿಯುತ್ತದೆ. ಉಪ್ಪಿನ ಹರಳಿನಲ್ಲಿ ಅಂಥ ಜೋಡಿಯೇ ಇಲ್ಲ. ಇರುವುದು ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು: ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಪ್ರತಿ ಕ್ಲೋರೈಡಿನ ಸುತ್ತ ಹಾಗೆಯೇ ಆರು ಸೋಡಿಯಂ. ಯಾವುದು ಯಾವುದರ ಸಂಗಾತಿ ಎಂದು ಹೇಳಲಾಗದು. 1913ರಲ್ಲಿ ಲಾರೆನ್ಸ್ ಬ್ರಾಗ್ ಎಕ್ಸ್-ಕಿರಣಗಳಿಂದ ಈ ಜೋಡಣೆಯನ್ನು ಕಂಡುಕೊಂಡರು. ಉಪ್ಪಿನಲ್ಲಿ ಅಣುವೇ ಇಲ್ಲವೆಂಬ ಮಾತನ್ನು ನುಂಗಿಕೊಳ್ಳಲಾಗದೆ ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನಶಾಸ್ತ್ರಜ್ಞರು 1927ರಲ್ಲೂ 'ನೇಚರ್' ಪತ್ರಿಕೆಗೆ ಸಿಟ್ಟಿನ ಪತ್ರ ಬರೆದಿದ್ದರು. ಹದಿನಾರರ ಮಕ್ಕಳಿಗೆ ಇದು ಒಂದೇ ಗಂಟೆಯಲ್ಲಿ ತಲೆಗೆ ಹೋಗದಿದ್ದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ.

ಈ ಹಿಡಿತವನ್ನು ಬೆಂಕಿಯೊಂದರಿಂದಲೇ ಸಡಿಲಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಒಂದು ಮೋಲ್ ಉಪ್ಪಿನ, ಅಂದರೆ ಸುಮಾರು 58.5 ಗ್ರಾಮಿನ, ಅಯಾನುಗಳನ್ನು ಪೂರ್ತಿ ಬಿಡಿಬಿಡಿಯಾಗಿ ದೂರ ಮಾಡಲು 788 ಕಿಲೋಜೂಲ್ ಶಕ್ತಿ ತಗಲುತ್ತದೆ. ಆದರೆ ನೀರು ಬರಿಗೈಯಲ್ಲಿ ಬರುವುದಿಲ್ಲ. ಅದರ ಅಣುವಿನ ಆಕ್ಸಿಜನ್ ಬದಿ ತುಸು ಋಣ, ಹೈಡ್ರೋಜನ್ ಬದಿ ತುಸು ಧನ. ಆಕ್ಸಿಜನ್ ಬದಿಯಿಂದ ಸೋಡಿಯಮ್ಮನ್ನು, ಹೈಡ್ರೋಜನ್ ಬದಿಯಿಂದ ಕ್ಲೋರೈಡನ್ನು ಸುತ್ತುವರಿಯುತ್ತದೆ. ಹಾಗೆ ಸುತ್ತುವರಿಯುವಾಗ 784 ಕಿಲೋಜೂಲ್ ವಾಪಸ್ ಬರುತ್ತದೆ. ಕೈಯಿಂದ ಬಿದ್ದದ್ದು ಬರೀ ನಾಲ್ಕು. ಹಳೆಯ ಬಂಧ ಬಿಡಿಸಿದ ಖರ್ಚನ್ನು ಹೊಸ ಬಂಧಗಳು ಹೆಚ್ಚುಕಡಿಮೆ ತುಂಬಿಕೊಟ್ಟವು, ಉಳಿದ ಚಿಲ್ಲರೆ ಸುತ್ತಲಿನ ಬಿಸಿಯಿಂದಲೇ ಬಂತು. ಆ ಲೆಕ್ಕ ಇಷ್ಟು ಸಮಸಮ ಇರುವುದರಿಂದಲೇ ಬಿಸಿ ಮಾಡಿದರೂ ತಣಿಸಿದರೂ ಉಪ್ಪಿನ ಕರಗುವಿಕೆ ಅಷ್ಟಾಗಿ ಬದಲಾಗದು. ನಾಲ್ಕು ಎಂಬ ಅಂಕಿಯನ್ನು ಅವಳು ಪ್ರಾಯೋಗಿಕ ಪುಸ್ತಕದಲ್ಲಿ ಬರೆದು ಸುತ್ತ ಎರಡು ವೃತ್ತ ಎಳೆದಳು.

ಒಣಗಿದ ಉಪ್ಪು ಬೆಳ್ಳಗಿತ್ತು. ಶುದ್ಧವಾಯಿತು ಎಂದು ಹೇಳಿ ಬಾಟಲಿಗೆ ತುಂಬಿಸಿದೆ.

ಹಾಗೆ ಹೇಳಿದ್ದು ತಪ್ಪು. ಸೋಮವಾರ ಆ ಉಪ್ಪಿನ ಚಿಟಿಕೆಯನ್ನು ಪ್ರನಾಳದಲ್ಲಿ ಕರಗಿಸಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಬೆಳ್ಳನೆಯ ಲೋಳೆಯಂಥ ಪ್ರಕ್ಷೇಪ ಬಂತು. ಸಮುದ್ರದ ನೀರಿನಲ್ಲಿ ಉಪ್ಪಿನ ಜೊತೆಗೇ ಇರುವ ಮೆಗ್ನೀಸಿಯಂ ಹಾಗೆಯೇ ಕೂತಿತ್ತು. ನೀರನ್ನು ಪೂರ್ತಿ ಬತ್ತಿಸಿದರೆ ನೀರಿನಲ್ಲಿದ್ದದ್ದೆಲ್ಲ ಬಟ್ಟಲಿನಲ್ಲೇ ಉಳಿಯುತ್ತದೆ. ಸೋಸುವಿಕೆ ತೆಗೆದದ್ದು ಕೆಸರನ್ನು ಮಾತ್ರ. ನಾನು ತರಗತಿಯಲ್ಲಿ ಇದನ್ನು ಒಪ್ಪಿಕೊಂಡೆ. ಹುಡುಗಿ ಎದ್ದು ನಿಂತು ಹೇಳಿದಳು: "ಆಗರದಲ್ಲಿ ನೀರು ಪೂರ್ತಿ ಒಣಗಲು ಬಿಡುವುದಿಲ್ಲ ಮೇಡಂ. ಬಿಟ್ಟರೆ ಉಪ್ಪು ಕಹಿಯಾಗುತ್ತದೆ ಎಂದು ಅಮ್ಮ ಹೇಳುತ್ತಾಳೆ. ಹರಳು ಕಟ್ಟಿದ ಮೇಲೆ ಎಳೆದು ರಾಶಿ ಹಾಕಿ, ನೀರು ಇಳಿಯಲು ಬಿಡುತ್ತಾರೆ."

ಅದೇ ಸರಿಯಾದ ವಿಧಾನ. ಸಮುದ್ರದ ನೀರು ಬತ್ತುತ್ತ ಹೋದಂತೆ ಮೊದಲು ಸುಣ್ಣದಂಶ, ಆಮೇಲೆ ಜಿಪ್ಸಂ ಬೇರ್ಪಡುತ್ತವೆ. ನೀರು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಲವಣಗಳು ಕೊನೆಯ ಕಹಿ ನೀರಿನಲ್ಲೇ ಉಳಿಯುತ್ತವೆ. ನಮ್ಮ ಅಜ್ಜಿ ಹೊಸ ಉಪ್ಪನ್ನು ಬೆತ್ತದ ಬುಟ್ಟಿಗೆ ಹಾಕಿ, ಕೆಳಗೆ ಗೆರಟೆ ಇಡುತ್ತಿದ್ದರು. ಗೆರಟೆಯಲ್ಲಿ ತೊಟ್ಟಿಕ್ಕಿ ತುಂಬಿದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದದ್ದು ನಾನೇ. ಎಮ್ಮೆಸ್ಸಿ ಮುಗಿಸಿದ ಮೇಲೂ ಆ ಗೆರಟೆ ಮತ್ತು ಈ ಚೀನಾ ಬಟ್ಟಲು ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಕೂತಿರಲಿಲ್ಲ.

ಎರಡನೆಯ ಸಲ ಅವಸರ ಮಾಡಲಿಲ್ಲ. ದ್ರಾವಣವನ್ನು ಅರ್ಧಕ್ಕಿಂತ ತುಸು ಕಡಿಮೆ ಮಾಡಿ, ಕಿಟಕಿಯ ಬಳಿ ಬಟ್ಟೆ ಮುಚ್ಚಿ ಬಿಟ್ಟೆವು. ಮೂರನೆಯ ದಿನ ನೀರಿನ ಮೇಲ್ಮೈಯಲ್ಲಿ ಚಿಕ್ಕ ಚಿಕ್ಕ ಚೌಕಗಳು ತೇಲುತ್ತಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿಯೊಂದೂ ದೇವಸ್ಥಾನದ ಪುಷ್ಕರಣಿಯಂತೆ, ನಾಲ್ಕೂ ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಇಳಿದಿತ್ತು. ಅಂಚುಗಳು ನಡುವಿಗಿಂತ ಬೇಗ ಬೆಳೆದಾಗ ಹೀಗಾಗುತ್ತದೆ. ತುಸು ಭಾರವಾದದ್ದು ಮುಳುಗಿ ತಳದಲ್ಲಿ ಘನಾಕೃತಿಯಾಗಿ ಬೆಳೆಯುತ್ತದೆ. ನಲವತ್ತು ಮಕ್ಕಳೂ ಸರದಿಯಲ್ಲಿ ನೋಡಿದರು. ಆರು ನೆರೆಹೊರೆಯವರ ಪಾಠವನ್ನು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ಇನ್ನೂ ನೀರು ಇರುವಾಗಲೇ ಹರಳುಗಳನ್ನು ಸೋಸಿ, ತಣ್ಣಗಿನ ಸಂತೃಪ್ತ (ಇನ್ನಷ್ಟು ಉಪ್ಪು ಕರಗಲಾರದ) ಉಪ್ಪಿನ ದ್ರಾವಣದಿಂದ ಸ್ವಲ್ಪವೇ ತೊಳೆದು, ಫಿಲ್ಟರ್ ಪೇಪರಿನ ಮಡಿಕೆಯಲ್ಲಿ ಒತ್ತಿ ಒಣಗಿಸಿದೆವು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಈ ಸಲ ಪ್ರನಾಳ ತಿಳಿಯಾಗಿಯೇ ಇತ್ತು.

ಈಗ ಜುಲೈ. ಅವಳು ದ್ವಿತೀಯ ಪಿಯುಸಿ. ಬಿರಡೆ ಸಡಿಲವಾದ ಎರಡು ಬಾಟಲಿಗಳು ಕಪಾಟಿನಲ್ಲಿ ಅಕ್ಕಪಕ್ಕ ಇವೆ. ಮೊದಲನೆಯದು ಗಟ್ಟಿಯಾಗಿ, ತಳದಲ್ಲಿ ಒಸರುತ್ತಿದೆ. ಎರಡನೆಯದು ಅಷ್ಟಾಗಿ ಒಸರಿಲ್ಲ, ಅಲುಗಿಸಿದರೆ ಹರಳುಗಳು ಇನ್ನೂ ಸರಿದಾಡುತ್ತವೆ. ಉಳಿದ ಕಹಿ ನೀರನ್ನು ಅವಳು ಒಂದು ಬೀಕರಿನಲ್ಲಿ ಇಟ್ಟು, ಮೇ ತಿಂಗಳ ಕೊನೆಗೆ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಹಾಕಿದ್ದಳು. ನಿನ್ನೆ ಬಂದು ನೋಡಿದಳು. ನೀರು ಒಣಗುವುದಿರಲಿ, ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡು ಗೆರೆಗಿಂತ ಮೇಲಕ್ಕೆ ಬಂದಿದೆ. ಪಕ್ಕದಲ್ಲಿ ದಿನಾಂಕ ಬರೆದು ಇನ್ನೊಂದು ಗೆರೆ ಹಾಕಿ ಹೋದಳು.